ಐಸಿಯುನಿಂದ ಮನೆಗೆ ಬಂದ ವಿಶೇಷ ಮಗು: ಮೊದಲ ಮೂರು ತಿಂಗಳು ಏನೇನು ನೋಡ್ಬೇಕು?

ಮಧುಗಿರಿ_ವಿಆರ್‌ಡಬ್ಲ್ಯು:
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಸೆರೆಬ್ರಲ್ ಪಾಲ್ಸಿ (ಸಿಪಿ, ಮೆದುಳಿನ ತೊಂದರೆಯಿಂದ ಚಲನೆ, ಭಂಗಿ ಕೆಡೋ ಸ್ಥಿತಿ), ಬಹುವಿಧ ಅಂಗವೈಕಲ್ಯ ಇರೋ ಮಕ್ಕಳು ನ್ಯುಮೋನಿಯಾ, ನಿಲ್ಲದ ಫಿಟ್ಸ್, ಸೆಪ್ಸಿಸ್ (ಸೋಂಕಿನಿಂದ ಅಂಗಗಳು ಕೆಡೋದು) ಅಂತ ತುಮಕೂರಿಗೋ ಬೆಂಗಳೂರಿಗೋ ಹೋಗಿ, ವೆಂಟಿಲೇಟರ್ ಮೇಲಿದ್ದು ವಾಪಸ್ ಬರ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ "ಸ್ಥಿರವಾಗಿದೆ" ಅಂತಿರುತ್ತೆ. ಮನೆಯಲ್ಲಿ ನೋಡಿದ್ರೆ ಮೂಗಿನಿಂದ ಹೊಟ್ಟೆಗೆ ಊಟ ಬಿಡೋ ರೈಲ್ಸ್ ಟ್ಯೂಬು, ಮೂಲೆಯಲ್ಲಿ ಆಕ್ಸಿಜನ್ ಯಂತ್ರ, ಒಂದು ಡಬ್ಬಿ ತುಂಬ ಔಷಧಿ. ಮನೆ ಭೇಟಿಗೆ ಹೋದ ಕಾರ್ಯಕರ್ತರು ಏನು ನೋಡ್ಬೇಕು, ಏನು ಅಳೀಬೇಕು? ಮಗುವಿನ ಬದುಕಿನ ಗುಣಮಟ್ಟ ಹೇಗಿದೆ ಅಂದ್ರೆ ಎಲ್ಲರೂ "ಸಾಧಾರಣ" ಅಂತ ಬರೆದು ಕೈ ತೊಳ್ಕೊಳ್ತಾರೆ. ಗೊತ್ತಿರೋರು ಮಾಡೋ ಕೆಲಸ ಬರೀರಿ. ಸ್ವಂತ ಕಥೆ, ಧೈರ್ಯದ ಮಾತು ಈ ಎಳೆಯಲ್ಲಿ ಬೇಡ.

ಮಕ್ಕಳ_ಡಾಕ್ಟ್ರು_ಚಿಂತಾಮಣಿ:
ಮೊದಲು ಕೇಳಬೇಕಾದ್ದು, ಕಾಯಿಲೆ ಬೀಳೋಕೆ ಒಂದು ತಿಂಗಳು ಮುಂಚೆ ಮಗು ಹೇಗಿತ್ತು ಅಂತ. ಯಾವತ್ತೂ ನಡೀದೇ ಇದ್ದ ಮಗು ಈಗಲೂ ನಡೀತಿಲ್ಲ ಅಂದ್ರೆ ಅದು ಐಸಿಯು ಕೊಟ್ಟ ನಷ್ಟವಲ್ಲ. ನುಣ್ಣಗೆ ಕಲಸಿದ ಅನ್ನ ನುಂಗ್ತಿದ್ದ ಮಗು ಈಗ ಟ್ಯೂಬಲ್ಲಿ ಮಾತ್ರ ಕುಡೀತಿದ್ರೆ ಅದು ನಷ್ಟ. ಹೊರಗಿನವರ ಕಣ್ಣಿಗೆ ಎರಡೂ ಒಂದೇ, "ಸಿಪಿ ಮಗು ಅಲ್ವಾ, ಹಾಗೇ ಇರುತ್ತೆ" ಅಂದುಬಿಡ್ತಾರೆ. ತಿರುಗಿ ಪಡೀಬಹುದಾಗಿದ್ದು ಎಷ್ಟೋ ಈ ಮಾತಿನಲ್ಲೇ ಕಳೆದುಹೋಗುತ್ತೆ.

ಅಳೆಯೋಕೆ ಫಂಕ್ಷನಲ್ ಸ್ಟೇಟಸ್ ಸ್ಕೇಲ್, ಎಫ್‌ಎಸ್‌ಎಸ್ ಅಂತೀವಿ. ಎಚ್ಚರ, ಕಣ್ಣು-ಕಿವಿ-ಸ್ಪರ್ಶ, ಸಂವಹನ, ಚಲನೆ, ಊಟ, ಉಸಿರಾಟ ಹೀಗೆ ಆರು ವಿಭಾಗ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 6 ಅಂದ್ರೆ ತೊಂದರೆ ಇಲ್ಲ, 30 ಅಂದ್ರೆ ತೀರಾ ಕೆಟ್ಟ ಸ್ಥಿತಿ. ಮುಂಚಿನ ಅಂಕಕ್ಕಿಂತ 3 ಅಥವಾ ಹೆಚ್ಚು ಏರಿದ್ರೆ ಹೊಸ ವೈಕಲ್ಯ ಬಂದಿದೆ ಅಂತ ಲೆಕ್ಕ. ಮುಂಚೆ 14 ಇದ್ದ ಮಗು ಈಗ 17 ಅಂತ ಬರೆದ್ರೆ ನಮಗೆ ಅರ್ಥ ಆಗುತ್ತೆ. "ಸಾಧಾರಣ" ಅಂತ ಬರೆದ್ರೆ ಏನೂ ಅರ್ಥ ಆಗಲ್ಲ. ಆದ್ರೆ ಚಲನೆಯಲ್ಲಿ ಮೊದಲೇ 5 ಇದ್ದ ಮಗು ಇನ್ನೂ ಕುಸಿದ್ರೂ ಈ ಅಂಕ ಅದನ್ನ ತೋರಿಸಲ್ಲ. ಅಲ್ಲದೆ ಇದು ಶಕ್ತಿ ಅಳೆಯೋ ಪಟ್ಟಿ, ಸುಖ ಅಳೆಯೋದಲ್ಲ.

ಐಸಿಯು_ಸಿಸ್ಟರ್_ಕೋಲಾರ:
ಡಾಕ್ಟ್ರು ಹೇಳಿದ "ಮುಂಚೆ ಹೇಗಿತ್ತು"ಗೆ ಸುಲಭದ ಉಪಾಯ ಇದೆ. ಮಗು ಆರಾಮಾಗಿರೋ ದಿನ ಮೊಬೈಲಲ್ಲಿ ಅರ್ಧ ನಿಮಿಷದ ಎರಡು ವಿಡಿಯೋ ತೆಗೆದಿಟ್ಕೊಳ್ಳಿ. ಒಂದು ಊಟ ಮಾಡುವಾಗ, ಇನ್ನೊಂದು ಹೆಸರು ಕರೆದಾಗ ಏನು ಮಾಡುತ್ತೆ ಅಂತ. ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಗೆ ಬಂದ ಮಗುವನ್ನ ಮೊದಲ ಸಲ ನೋಡೋ ಡಾಕ್ಟ್ರಿಗೆ, ಕಣ್ಣು ನೆಟ್ಟು ಮಲಗಿರೋದೇ ಅದರ ಮಾಮೂಲಿ ಅನ್ಸುತ್ತೆ. ವಿಡಿಯೋ ತೋರಿಸಿದ್ರೆ ವಾದ ಮಾಡೋ ಅಗತ್ಯ ಇರಲ್ಲ.

ಜೊತೆಗೆ ಒಂದೇ ಪುಟದ ಚೀಟಿ: ತೂಕ, ಔಷಧಿಗಳು ಮಿಲಿಗ್ರಾಂ ಲೆಕ್ಕದಲ್ಲಿ, ಯಾವುದಕ್ಕೆ ಅಲರ್ಜಿ, ಟ್ಯೂಬಿನ ಸೈಜು, ಎಚ್ಚರದಲ್ಲಿ ಮತ್ತು ನಿದ್ದೆಯಲ್ಲಿ ಆಕ್ಸಿಜನ್ ಎಷ್ಟು ತೋರಿಸುತ್ತೆ, ನೋವಾದ್ರೆ ಮಗು ಏನು ಮಾಡುತ್ತೆ. ಔಷಧಿಯನ್ನ ಎಂಎಲ್‌ನಲ್ಲಿ ಮಾತ್ರ ಬರೀಬೇಡಿ, ಕಂಪನಿ ಬದಲಾದ್ರೆ ಸಿರಪ್ಪಿನ ಗಾಢತೆ ಬೇರೆ ಇರುತ್ತೆ.

ಮನೆಗೆ ಬಂದ ಮೊದಲ ದಿನವೇ ಹಳೇ ಚೀಟಿ, ಹೊಸ ಚೀಟಿ ಎರಡೂ ಪಕ್ಕಪಕ್ಕ ಇಟ್ಟು ಹೋಲಿಸಿ. ಮೈ ಬಿಗಿತಕ್ಕೆ ಕೊಡೋ, ಐಸಿಯುನಲ್ಲಿ ನಿಂತ ಬ್ಯಾಕ್ಲೋಫೆನ್ ಡಿಸ್ಚಾರ್ಜಲ್ಲಿ ಬರೆಯೋಕೆ ಮರೆತುಹೋಗೋದು ಉಂಟು. ಅದು ಏಕಾಏಕಿ ನಿಂತ್ರೆ ಮೈ ಸೆಟೆಯುತ್ತೆ, ಜ್ವರ ಬರುತ್ತೆ, ಫಿಟ್ಸೂ ಆಗಬಹುದು. ಹಾಗಂತ ನೀವೇ ಹಳೇ ಪ್ರಮಾಣದಲ್ಲಿ ಶುರು ಮಾಡ್ಬೇಡಿ, ಡಾಕ್ಟ್ರಿಗೆ ಫೋನ್ ಮಾಡಿ ಕೇಳಿ.

ಇನ್ನೊಂದು. ಐದು ದಿನಕ್ಕಿಂತ ಹೆಚ್ಚು ನಿದ್ದೆಗೆ ಮಿಡಾಜೊಲಾಮ್, ನೋವಿಗೆ ಫೆಂಟನಿಲ್ ಹರಿಸಿದ ಮಕ್ಕಳಿಗೆ ಅದು ಇಳಿದಾಗ ಬೆವರು, ನಡುಕ, ಮತ್ತೆ ಮತ್ತೆ ಆಕಳಿಕೆ, ಸೀನು, ಭೇದಿ, ಸಮಾಧಾನ ಆಗದ ಅಳು ಬರುತ್ತೆ. ಸಾಮಾನ್ಯ ಮಗುವಾದ್ರೆ ಬೇಗ ಗುರುತಿಸ್ತಾರೆ. ಸಿಪಿ ಮಗುವಿನಲ್ಲಿ "ಬಿಗಿತ ಜಾಸ್ತಿ ಆಗಿದೆ" ಅಂತಾನೋ "ಫಿಟ್ಸ್ ಇರಬೇಕು" ಅಂತಾನೋ ಅಂದ್ಕೊಂಡು ಬೇರೆ ಔಷಧಿ ಏರಿಸ್ತಾರೆ. ಇಳಿಸುವ ಪಟ್ಟಿ ಕೊಟ್ಟು ಕಳಿಸಿದ್ರೆ ಒಂದು ಡೋಸೂ ಬಿಡಬಾರದು, ಮಗು ಆರಾಮಾಗಿದೆ ಅಂತ ಬೇಗ ಮುಗಿಸಲೂಬಾರದು.

ಮಧುಗಿರಿ_ವಿಆರ್‌ಡಬ್ಲ್ಯು:
ಥ್ಯಾಂಕ್ಸ್ ಸಿಸ್ಟರ್. ಊಟದ್ದೇ ದೊಡ್ಡ ಗೋಳು. ಟ್ಯೂಬಲ್ಲಿ ಬರೀ ಹಾಲು ಬಿಡ್ತಾರೆ, ತೂಕ ಏರಲ್ಲ. ರಾಗಿ ಗಂಜಿ ಬಿಟ್ರೆ ಟ್ಯೂಬು ಕಟ್ಕೊಳ್ಳುತ್ತೆ.

ಡಯಟೀಷಿಯನ್_ಗೌರಿಬಿದನೂರು:
ಟ್ಯೂಬು ಕಟ್ಟೋದು ಗಂಜಿ ತಣ್ಣಗಾದಾಗ ಗಟ್ಟಿಯಾಗೋದರಿಂದ. ನೀರು ಬೆರೆಸಿ ತೆಳ್ಳಗೆ ಮಾಡಿದ್ರೆ ಟ್ಯೂಬಲ್ಲಿ ಇಳಿಯುತ್ತೆ, ಆದ್ರೆ ಹೊಟ್ಟೆ ತುಂಬ ನೀರು. ಇದಕ್ಕೆ ಮೊಳಕೆ ರಾಗಿಯೇ ಪರಿಹಾರ. ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲೋ ಎಳೆ ಬಿಸಿಲಲ್ಲೋ ಒಣಗಿಸಿ ಬೀಸಿಟ್ಕೊಳ್ಳಿ. ಮೊಳಕೆಯಲ್ಲಿ ಅಮೈಲೇಸ್ ಅನ್ನೋ ಕಿಣ್ವ ಇರುತ್ತೆ, ಅದು ಪಿಷ್ಟವನ್ನ ತುಂಡು ಮಾಡುತ್ತೆ. ಮಾಮೂಲಿ ಹಿಟ್ಟಿನ ಗಂಜಿಯನ್ನ ಗಟ್ಟಿಯಾಗೇ ಕಾಯಿಸಿ, ಒಲೆಯಿಂದ ಇಳಿಸಿ, ಹಬೆ ಸ್ವಲ್ಪ ಅಡಗಿದ ಮೇಲೆ ಒಂದು ಲೋಟಕ್ಕೆ ಒಂದು ಟೀ ಚಮಚದಷ್ಟು ಮೊಳಕೆ ಹಿಟ್ಟು ಹಾಕಿ ಕಲಕಿ. ಹತ್ತು ನಿಮಿಷ ಬಿಟ್ರೆ ನೀರಾಗುತ್ತೆ. ಆಮೇಲೆ ಮತ್ತೊಮ್ಮೆ ಒಂದು ಕುದಿ ಬರಿಸಿ, ತೆಳು ಬಟ್ಟೆಯಲ್ಲಿ ಸೋಸಿ.

ಇದು ಕೈಕೊಡೋದು ಎರಡು ಕಡೆ. ಗಂಜಿ ಕೊತಕೊತ ಕುದಿಯುವಾಗಲೇ ಮೊಳಕೆ ಹಿಟ್ಟು ಹಾಕಿದ್ರೆ ಕಿಣ್ವ ಸತ್ತುಹೋಗುತ್ತೆ. ಘಮ ಬರೋ ಹಾಗೆ ಚೆನ್ನಾಗಿ ಹುರಿದ ಮಾಲ್ಟ್ ಪುಡಿ ಹಾಕಿದ್ರೂ ತೆಳ್ಳಗಾಗಲ್ಲ, ಕಾರಣ ಅದೇ.

ಹಾಲಿನ ಲೆಕ್ಕ: 100 ಎಂಎಲ್ ಹಸುವಿನ ಹಾಲಲ್ಲಿ ಹೆಚ್ಚುಕಡಿಮೆ 65 ಕ್ಯಾಲೊರಿ. ಅದಕ್ಕೆ ಒಂದು ಟೀ ಚಮಚ ಸಕ್ಕರೆ 20, ಅರ್ಧ ಟೀ ಚಮಚ ಎಣ್ಣೆ 22. ಅಷ್ಟರಲ್ಲಿ 100 ದಾಟುತ್ತೆ. ಎಣ್ಣೆ ಮೇಲೆ ತೇಲಿ ಸಿರಿಂಜಿಗೆ ಅಂಟದ ಹಾಗೆ ಬಿಸಿ ಇರುವಾಗಲೇ ಚೆನ್ನಾಗಿ ಕಲಕಬೇಕು. ದಿನದ ಒಟ್ಟು ದ್ರವ 10 ಕೆಜಿ ಮಗುವಿಗೆ ಸುಮಾರು 1000 ಎಂಎಲ್, ಮುಂದಿನ 10 ಕೆಜಿವರೆಗೆ ಪ್ರತಿ ಕೆಜಿಗೆ 50 ಎಂಎಲ್ ಸೇರಿಸಿ. ಹೃದಯ, ಕಿಡ್ನಿ ತೊಂದರೆ ಇದ್ರೆ ಈ ಲೆಕ್ಕ ಬಿಟ್ಟು ಡಾಕ್ಟ್ರು ಹೇಳಿದಷ್ಟೇ. ಮಲಗೇ ಇರೋ ಮಗುವಿಗೆ ಓಡಾಡೋ ಮಗುವಿನಷ್ಟು ಕ್ಯಾಲೊರಿ ಬೇಕಾಗಿಲ್ಲ. ಟ್ಯೂಬು ಬಂದ ಮೇಲೆ ಸುರಿದೂ ಸುರಿದೂ ಬೊಜ್ಜು ಬರಿಸಿ, ಎತ್ತೋಕಾಗದ ಹಾಗೆ ಮಾಡೋದೂ ಇದೆ.

ಎತ್ತರ ನಿಲ್ಲಿಸಿ ಅಳೆಯೋಕಾಗದ ಮಗುವಿಗೆ ಮಂಡಿಯಿಂದ ಹಿಮ್ಮಡಿವರೆಗಿನ ಉದ್ದ ಸೆಂಟಿಮೀಟರಲ್ಲಿ ತಗೊಂಡು 2.69ರಿಂದ ಗುಣಿಸಿ 24.2 ಕೂಡಿಸಿ. ಅಂದಾಜು ಎತ್ತರ ಸಿಗುತ್ತೆ. ಪಾದ ಮತ್ತು ಮಂಡಿ ಎರಡೂ 90 ಡಿಗ್ರಿಯಲ್ಲಿ ಇರಬೇಕು.

ಪಾವಗಡದಮ್ಮ:
ಮೇಡಂ ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸ್ತೀನಿ. ಮೊಳಕೆ ಹಿಟ್ಟಿನ ತೆಳು ಗಂಜಿ ಟ್ಯೂಬಿಗೆ ಮಾತ್ರ. ಬಾಯಲ್ಲಿ ತಿನ್ನೋ, ನುಂಗೋಕೆ ಕಷ್ಟಪಡೋ ಮಗುವಿಗೆ ಅದನ್ನ ಕೊಟ್ರೆ ಶ್ವಾಸಕ್ಕೆ ಹೋಗುತ್ತೆ. ಅವರಿಗೆ ಚಮಚದಿಂದ ನಿಧಾನಕ್ಕೆ ಜಾರೋ ಅಷ್ಟು ಮಂದ ಇರಬೇಕು. ನೀರೂ ತೆಳುವೇ, ಮೊದಲು ಕೆಮ್ಮು ಬರೋದು ನೀರಿಗೇ. ಕೆಲವು ಮಕ್ಕಳು ಕೆಮ್ಮೋದೂ ಇಲ್ಲ, ಊಟ ಆದ ಮೇಲೆ ದನಿ ಒದ್ದೆ ಒದ್ದೆ ಆಗುತ್ತೆ, ಎದೆಯಲ್ಲಿ ಗರಗರ ಕೇಳುತ್ತೆ, ಕಣ್ಣಲ್ಲಿ ನೀರು ಬರುತ್ತೆ.

ನಮ್ಮ ಬೇಸಿಗೆಯಲ್ಲಿ ಮಾಡಿಟ್ಟ ಗಂಜಿ ಎರಡು ಗಂಟೆ ಮೇಲೆ ಹೊರಗಿಡಬಾರದು.

ಐಸಿಯು_ಸಿಸ್ಟರ್_ಕೋಲಾರ:
ಅಕ್ಕ ಹೇಳಿದ್ದು ಸರಿ. ಟ್ಯೂಬಿನದ್ದೂ ಹೇಳಿಬಿಡ್ತೀನಿ. ಮೂಗಿನ ತುದಿಯಿಂದ ಕಿವಿಯ ಹಾಲೆ, ಅಲ್ಲಿಂದ ಎದೆಮೂಳೆಯ ಕೆಳತುದಿ ದಾಟಿ, ಆ ತುದಿಗೂ ಹೊಕ್ಕುಳಿಗೂ ನಡುವೆ. ಇದು ಅಳತೆ. ಮೂಗಿನ ಹತ್ತಿರ ಟ್ಯೂಬಿನ ಮೇಲೆ ಪೆನ್ನಲ್ಲಿ ಗುರುತು ಹಾಕಿ, ಪ್ರತಿ ಫೀಡಿಗೂ ಮುಂಚೆ ಆ ಗುರುತು ಅಲ್ಲೇ ಇದೆಯಾ ನೋಡಿ. ಸಿರಿಂಜಲ್ಲಿ ಗಾಳಿ ಬಿಟ್ಟು ಹೊಟ್ಟೆ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳೋದು ನಂಬೋ ಹಾಗಿಲ್ಲ, ಟ್ಯೂಬು ಶ್ವಾಸಕೋಶದಲ್ಲಿದ್ರೂ ಅದೇ ಥರ ಸದ್ದು ಬರುತ್ತೆ. ಟ್ಯೂಬಿನ ಬಾಯಿ ನೀರಲ್ಲಿ ಮುಳುಗಿಸಿ ಗುಳ್ಳೆ ನೋಡೋದೂ ಬಿಡಿ. ಸ್ವಲ್ಪ ದ್ರವ ಎಳೆದು ಪಿಎಚ್ ಪಟ್ಟಿಗೆ ಹಾಕಿ, 5.5 ಅಥವಾ ಕಡಿಮೆ ಇದ್ರೆ ಹೊಟ್ಟೆಯಲ್ಲಿದೆ. ಹೊಟ್ಟೆಯ ಆಮ್ಲ ಇಳಿಸೋ ಒಮೆಪ್ರಜೋಲ್ ತಗೊಳ್ತಿದ್ರೆ, ಈಗಷ್ಟೇ ಹಾಲು ಬಿಟ್ಟಿದ್ರೆ ಅಂಕಿ ಮೇಲಿರಬಹುದು. ಅನುಮಾನ ಇದ್ರೆ ಫೀಡ್ ಬಿಡಲೇಬೇಡಿ, ಒಂದು ಹೊತ್ತು ತಡವಾದ್ರೂ ಆಸ್ಪತ್ರೆಯಲ್ಲಿ ತೋರಿಸಿಕೊಂಡೇ ಬಿಡಿ.

ತಲೆದೆಸೆ 30ರಿಂದ 45 ಡಿಗ್ರಿ ಎತ್ತರ. ಸಿರಿಂಜಿನ ಒಳಗಿನ ಕಡ್ಡಿ ತೆಗೆದು ಹಾಲು ತಾನಾಗೇ ಇಳಿಯೋಕೆ ಬಿಡಿ, ಒಂದು ಫೀಡಿಗೆ 20ರಿಂದ 30 ನಿಮಿಷ. ಬೇಗ ಆಗಲಿ ಅಂತ ಒತ್ತಿದ್ರೆ ವಾಂತಿ, ಆ ವಾಂತಿಯಿಂದ ಇನ್ನೊಂದು ನ್ಯುಮೋನಿಯಾ. ಮುಗಿದ ಮೇಲೆ 5ರಿಂದ 10 ಎಂಎಲ್ ನೀರು, ಅರ್ಧ ಗಂಟೆ ಅದೇ ಭಂಗಿ. ಪಿವಿಸಿ ಟ್ಯೂಬು ಒಂದು ವಾರದೊಳಗೆ ಬದಲಾಗಬೇಕು, ಸಿಲಿಕೋನ್ ಆದ್ರೆ ನಾಲ್ಕರಿಂದ ಆರು ವಾರ ಬರುತ್ತೆ. ಕಟ್ಕೊಂಡ್ರೆ ದೊಡ್ಡ ಸಿರಿಂಜಲ್ಲಿ ಬೆಚ್ಚನೆ ನೀರು ಮೆಲ್ಲಗೆ ಒತ್ತಿ, ಎಳೆದು ಮಾಡಿ. ಸಣ್ಣ ಸಿರಿಂಜಿನ ಒತ್ತಡಕ್ಕೆ ಟ್ಯೂಬು ಸೀಳುತ್ತೆ. ತಂತಿ ಅಂತೂ ಹಾಕಲೇಬೇಡಿ.

ಫಿಟ್ಸಿಗೆ ಕೊಡೋ ಫೆನಿಟಾಯಿನ್ ಸಿರಪ್ ಬಾಟಲಿ ಚೆನ್ನಾಗಿ ಅಲ್ಲಾಡಿಸಿ, ಔಷಧಿ ತಳದಲ್ಲಿ ಕೂತಿರುತ್ತೆ. ಟ್ಯೂಬು ಫೀಡಿನ ಜೊತೆ ಕೊಟ್ರೆ ಅದು ಸರಿಯಾಗಿ ಹೀರಿಕೊಳ್ಳಲ್ಲ. ಮುಂಚೆ-ಆಮೇಲೆ ಎಷ್ಟು ಹೊತ್ತು ಅಂತರ ಅಂತ ಬರೆಸಿಕೊಳ್ಳಿ. ಇನ್ನೊಂದು ಫಿಟ್ಸ್ ಔಷಧಿ ವಾಲ್‌ಪ್ರೊಯೇಟ್‌ನ ನಿಧಾನಕ್ಕೆ ಕರಗೋ ಮಾತ್ರೆಯನ್ನ ಕುಟ್ಟಿ ಪುಡಿ ಮಾಡಬಾರದು, ಸಿರಪ್ಪಿಗೆ ಬದಲಾಯಿಸಿ ಅಂತ ಕೇಳಿ.

ಮಕ್ಕಳ_ಡಾಕ್ಟ್ರು_ಚಿಂತಾಮಣಿ:
ಟ್ಯೂಬು ಒಂದೂವರೆ ತಿಂಗಳು ದಾಟಿಯೂ ಬೇಕು ಅನ್ನೋ ಹಾಗಿದ್ರೆ ಹೊಟ್ಟೆಗೆ ನೇರ ಹಾಕೋ ಪೆಗ್ ಟ್ಯೂಬಿನ ಮಾತು ಎತ್ತಿ. "ಹೊಟ್ಟೆಗೆ ತೂತು" ಅಂತ ಮನೆಯವರು ಹೆದರ್ತಾರೆ. ಮೂಗು ಖಾಲಿಯಾಗುತ್ತೆ, ಮುಖದ ಪ್ಲಾಸ್ಟರ್ ಹೋಗುತ್ತೆ, ಬಾಯಲ್ಲಿ ರುಚಿಗೆ ಸ್ವಲ್ಪ ಕೊಡೋದು ಮುಂದುವರಿಸಬಹುದು. ಬೇಡ ಅನ್ನಿಸಿದ ದಿನ ತೆಗೆಸಬಹುದು.

ಬಯೋಮೆಡಿಕಲ್_ಕೆಜಿಎಫ್:
ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸೋ ಕಾನ್ಸಂಟ್ರೇಟರ್ ಬಗ್ಗೆ ಯಾರೂ ಬರೆದಿಲ್ಲ. 5 ಲೀಟರಿನ ಯಂತ್ರ ಸುಮಾರು 350 ವಾಟ್ ಎಳೆಯುತ್ತೆ. 150 ಆ್ಯಂಪಿಯರ್-ಅವರ್ ಬ್ಯಾಟರಿಯ ಮನೆ ಇನ್ವರ್ಟರಲ್ಲಿ ಮೂರು ಗಂಟೆ ಆಸುಪಾಸು, ಬ್ಯಾಟರಿ ಹಳೇದಾದ್ರೆ ಅದೂ ಇಲ್ಲ. ಹಾಗಾಗಿ ಸಿಲಿಂಡರ್ ಇರಲೇಬೇಕು. ಬಿ-ಟೈಪ್ ತುಂಬಿದ್ರೆ ಸುಮಾರು 1500 ಲೀಟರ್. ನಿಮಿಷಕ್ಕೆ 1 ಲೀಟರ್ ಹರಿದ್ರೆ 25 ಗಂಟೆ, ಅರ್ಧ ಲೀಟರಾದ್ರೆ 50. ಮಾಪಕದ ಮುಳ್ಳು ಅರ್ಧಕ್ಕೆ ಬಂದಾಗಲೇ ತುಂಬಿಸೋಕೆ ಫೋನ್ ಮಾಡಿ. ಸ್ಪ್ಯಾನರ್, ರೆಗ್ಯುಲೇಟರಿನ ವಾಷರ್ ಸಿಲಿಂಡರಿಗೇ ಕಟ್ಟಿಡಿ, ಕರೆಂಟ್ ಹೋದ ಕತ್ತಲಲ್ಲಿ ಹುಡುಕೋದು ಅದನ್ನೇ.

ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ ಬಿದ್ದಾಗ ಯಂತ್ರ ಕೂಗುತ್ತೆ. ಸ್ಟೆಬಿಲೈಜರ್ ಹಾಕಿ, ತೆಳು ವಯರಿನ ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಗೋಡೆಯಿಂದ, ಪರದೆಯಿಂದ ಒಂದು ಅಡಿ ದೂರ ಇಡಿ. ಹೊರಗಿನ ಸ್ಪಂಜ್ ಫಿಲ್ಟರ್ ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ, ನಮ್ಮ ಧೂಳಿಗೆ ಎರಡು ಸಲ ತೊಳೆದ್ರೂ ತಪ್ಪಿಲ್ಲ. ಗುಳ್ಳೆ ಏಳೋ ಬಾಟಲಿಗೆ ಬೋರ್‌ವೆಲ್ ನೀರು ಹಾಕಬೇಡಿ. ಕೋಲಾರ, ಪಾವಗಡದ ಗಡಸು ನೀರಿಗೆ ಒಳಗೆ ಬಿಳೀ ಪದರ ಕಟ್ಟಿ ಸಣ್ಣ ತೂತು ಮುಚ್ಚುತ್ತೆ, ಬಾಟಲಿಯಲ್ಲಿ ಗುಳ್ಳೆ ಕಮ್ಮಿಯಾಗುತ್ತೆ. ಡಿಸ್ಟಿಲ್ಡ್ ನೀರು ಹಾಕಿ, ದಿನಾ ಬದಲಿಸಿ. ಮುಚ್ಚಳ ಸರಿಯಾಗಿ ತಿರುಗದೆ ಗಾಳಿ ಸೋರೋದು ಇನ್ನೊಂದು ಮಾಮೂಲಿ ತೊಂದರೆ. ನಳಿಕೆಯ ತುದಿಯನ್ನ ಒಂದು ಲೋಟ ನೀರಲ್ಲಿ ಅದ್ದಿ ನೋಡಿ, ಗುಳ್ಳೆ ಬರದಿದ್ರೆ ಎಲ್ಲೋ ಸೋರ್ತಿದೆ.

ಅದೇ ಕೋಣೆಯಲ್ಲಿ ದೀಪ, ಊದುಬತ್ತಿ, ಒಲೆ ಬೇಡ. ಮೂಗು ಒಣಗುತ್ತೆ ಅಂತ ವ್ಯಾಸಲೀನ್, ಎಣ್ಣೆ ಹಚ್ಚಬೇಡಿ, ಆಕ್ಸಿಜನ್ ಇರೋ ಕಡೆ ಅದು ಬೆಂಕಿಗೆ ದಾರಿ. ಬೆರಳಿಗೆ ಸಿಕ್ಕಿಸೋ ದೊಡ್ಡವರ ಆಕ್ಸಿಮೀಟರ್ ಚಿಕ್ಕ ಮಗುವಿನ ಬೆರಳಲ್ಲಿ ಸುಳ್ಳು ಹೇಳುತ್ತೆ. ಮಕ್ಕಳ ಪ್ರೋಬ್ ತಗೊಳ್ಳಿ. ನಾಡಿಯ ಅಲೆ ಸ್ಥಿರವಾದ ಮೇಲೆ ಓದಿ.

ಫಿಸಿಯೋ_ತುಮಕೂರು:
ದೇಹದ ಕಡೆ ಬರ್ತೀನಿ. ವೆಂಟಿಲೇಟರ್ ಮೇಲಿದ್ದ ಯಾವ ಮಗುವಿನ ಸ್ನಾಯುವೂ ಬಹಳ ಬೇಗ ಕರಗುತ್ತೆ. ಸಿಪಿ ಮಗುವಿಗೆ ಅದರ ಮೇಲೆ ಹಳೇ ಬಿಗಿತವೂ ಇರುತ್ತೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹುಣ್ಣು ಬೀಳೋ ಜಾಗ ದೊಡ್ಡವರಲ್ಲಿ ಸೊಂಟದ ಹಿಂದೆ, ಚಿಕ್ಕ ಮಕ್ಕಳಲ್ಲಿ ತಲೆಯ ಹಿಂಭಾಗವೂ. ಕೂದಲು ಸರಿಸಿ ನೋಡಿ, ಕಿವಿ ಮಡಚಿ ಮಲಗಿದೆಯಾ ನೋಡಿ, ಟ್ಯೂಬು ಮೂಗಿನ ಹೊಳ್ಳೆಯನ್ನ ಮೇಲಕ್ಕೆ ಎಳೀತಿದೆಯಾ ನೋಡಿ. ಕೆಂಪಾದ ಜಾಗ ಬೆರಳಲ್ಲಿ ಒತ್ತಿದ್ರೆ ಬಿಳಿಯಾಗದೆ ಕೆಂಪಾಗೇ ಉಳಿದ್ರೆ ಅದು ಹುಣ್ಣಿನ ಶುರು. ಅಲ್ಲಿ ಎಣ್ಣೆ ಹಾಕಿ ತಿಕ್ಕಬೇಡಿ, ಒಳಗಿನ ಅಂಗಾಂಶ ಇನ್ನಷ್ಟು ಹಾಳಾಗುತ್ತೆ. ಆ ಜಾಗಕ್ಕೆ ಭಾರ ಬೀಳದ ಹಾಗೆ ಮಾಡಿ. ಬಳೆ ಥರದ ಟ್ಯೂಬು ದಿಂಬೂ ಬೇಡ.

ಎಲ್ಲಕ್ಕಿಂತ ಜಾಸ್ತಿ ತಪ್ಪೋದು ಡಯಾಪರ್ ಬದಲಿಸುವಾಗ. ಎರಡೂ ಕಣಕಾಲು ಹಿಡಿದು ಮೇಲೆತ್ತೋದು. ನಿಲ್ಲದ, ನಡೀದ ಮಕ್ಕಳ ಮೂಳೆ ಮೊದಲೇ ತೆಳು. ಫಿಟ್ಸ್ ಔಷಧಿ, ವಿಟಮಿನ್ ಡಿ ಕೊರತೆ, ಐಸಿಯುನಲ್ಲಿ ಮಲಗಿದ್ದು ಸೇರಿ ಇನ್ನೂ ತೆಳುವಾಗುತ್ತೆ. ಮಂಡಿಯ ಮೇಲ್ಗಡೆ ತೊಡೆಮೂಳೆ ಮುರಿಯೋದು ಹೀಗೇ. ಕಾಲೆತ್ತಬೇಡಿ. ಮಂಡಿ ಮಡಿಸಿ, ಒಂದು ಕೈ ಭುಜಕ್ಕೆ, ಒಂದು ಸೊಂಟಕ್ಕೆ ಕೊಟ್ಟು ಇಡೀ ಮಗುವನ್ನ ಪಕ್ಕಕ್ಕೆ ಉರುಳಿಸಿ, ಡಯಾಪರ್ ಕೆಳಗೆ ಸೇರಿಸಿ, ಮತ್ತೆ ಈ ಕಡೆ ಉರುಳಿಸಿ. ತೊಡೆ ಬಿಸಿ, ಊತ, ಮುಟ್ಟಿದ್ರೆ ಕಿರುಚು ಅಂದ್ರೆ ಎಕ್ಸ್‌ರೇ. "ಇವತ್ತು ಬಿಗಿತ ಜಾಸ್ತಿ" ಅಂತ ಎಳೆದಾಡಬೇಡಿ.

ಸ್ಟ್ರೆಚಿಂಗ್ ನಿಧಾನಕ್ಕೆ, ತಡೆ ಸಿಕ್ಕಲ್ಲಿ ನಿಲ್ಲಿಸಿ 30 ಸೆಕೆಂಡ್ ಹಿಡಿಯೋದು, ಐದು ಸಲ. ಮೀನಖಂಡಕ್ಕೆ ಮಾಡುವಾಗ ಹಿಮ್ಮಡಿ ಹಿಡಿದು ಎಳೀಬೇಕು. ಬೆರಳು ಹಿಡಿದು ಒತ್ತಿದ್ರೆ ಪಾದದ ಮಧ್ಯ ಮುರಿದ ಹಾಗೆ ಬಾಗುತ್ತೆ, ಸ್ನಾಯು ಉದ್ದ ಆಗಲ್ಲ. ಹಳೇ ಎಎಫ್‌ಒ (ಪಾದ-ಕಣಕಾಲಿಗೆ ಹಾಕೋ ಸ್ಪ್ಲಿಂಟ್) ಈಗ ಸಡಿಲವಾಗಿರುತ್ತೆ, ಕಾಲು ಸೊರಗಿದೆಯಲ್ಲ. ತೆಗೆದ ಅರ್ಧ ಗಂಟೆ ಆದ್ರೂ ಕೆಂಪು ಗುರುತು ಹೋಗದಿದ್ರೆ ಅಳತೆ ಸರಿ ಮಾಡಿಸಿ. ಮಂಡಿಗಳ ನಡುವೆ ದಿಂಬು, ಕಾಲು ಕತ್ತರಿ ಥರ ಒಂದರ ಮೇಲೊಂದು ಬರಬಾರದು. ತಾನಾಗಿ ನಡೆಯದ ಸಿಪಿ ಮಕ್ಕಳಿಗೆ ಸೊಂಟದ ಎಕ್ಸ್‌ರೇ ವರ್ಷಕ್ಕೊಮ್ಮೆಯಾದ್ರೂ ಬೇಕು. ತೊಡೆಮೂಳೆಯ ಚೆಂಡು ಸೊಂಟದ ಗುಳಿಯಿಂದ 30 ಶೇಕಡಕ್ಕಿಂತ ಹೊರಬಂದಿದ್ರೆ ಮೂಳೆ ಡಾಕ್ಟ್ರು ನೋಡಲೇಬೇಕು. ಐಸಿಯು ಗಲಾಟೆಯಲ್ಲಿ ಆ ವರ್ಷದ್ದು ತಪ್ಪಿರುತ್ತೆ, ಜ್ಞಾಪಿಸಿ.

ಎದೆ ತಟ್ಟೋದು ಫೀಡಿಗೆ ಮುಂಚೆ, ಇಲ್ಲಾಂದ್ರೆ ಫೀಡಾಗಿ ಒಂದೂವರೆ ಗಂಟೆ ಮೇಲೆ. ಕೈ ಬೋಗುಣಿ ಥರ ಮಡಿಸಿ ತಟ್ಟಿ. ತಲೆ ಕೆಳಗೆ ಮಾಡಬೇಡಿ, ಹುಳಿ ವಾಪಸ್ ಬರುತ್ತೆ.

ಕೇಳುಗ_ಗುಬ್ಬಿ:
ಎಲ್ಲ ಓದಿದೆ. ಒಂದು ಕಹಿ ಪ್ರಶ್ನೆ, ಬೈಬೇಡಿ. ಮೊದಲೇ ತೀವ್ರ ವೈಕಲ್ಯ ಇರೋ ಮಗುವಿಗೆ ಇಷ್ಟೆಲ್ಲ ಮಾಡಿ ಸಿಗೋ ಬದುಕಿನ ಗುಣಮಟ್ಟ ಏನು?

ಪಾವಗಡದಮ್ಮ:
ಪ್ರಶ್ನೆ ಕಹಿ ಏನಲ್ಲ, ಹಳೇದು. ಯಾರ ಕಡೆಯಿಂದ ನೋಡಿ ಕೇಳ್ತಿದೀರ ಅನ್ನೋದು ಮುಖ್ಯ ಸಾರ್. ನೋವಿಲ್ಲದೆ ಮಲಗಿ, ಕೆಮ್ಮಿಲ್ಲದೆ ಉಂಡು, ಸಂಜೆ ಜಗುಲಿಯಲ್ಲಿ ಕೂತು ಹೋಗೋಬರೋರನ್ನ ನೋಡೋ ಮಗುವಿಗೆ ಆ ದಿನ ಕೊರತೆ ಏನಿರುತ್ತೆ? ಕೊರತೆ ಇರೋದು ನೋವು ಯಾರಿಗೂ ಗೊತ್ತಾಗದೆ ಉಳಿದ ದಿನ.

ಮಕ್ಕಳ_ಡಾಕ್ಟ್ರು_ಚಿಂತಾಮಣಿ:
ಇದಕ್ಕೆ ಆಧಾರ ಇದೆ. ಯುರೋಪಿನಲ್ಲಿ 8ರಿಂದ 12 ವರ್ಷದ ಸಿಪಿ ಮಕ್ಕಳನ್ನೇ ಕೇಳಿ ಮಾಡಿದ ಸ್ಪಾರ್ಕಲ್ ಅಧ್ಯಯನ 2007ರಲ್ಲಿ ಬಂತು. ತಾವೇ ಉತ್ತರಿಸಬಲ್ಲ ಮಕ್ಕಳು ತಮ್ಮ ಬದುಕಿಗೆ ಕೊಟ್ಟ ಅಂಕ ಬೇರೆ ಮಕ್ಕಳ ಅಂಕಕ್ಕೆ ಸರಿಸಮವಾಗೇ ಇತ್ತು. ಅಂಕ ಎಲ್ಲ ಕಡೆಯೂ ಬಿದ್ದಿದ್ದು ನೋವಿರುವ ಮಕ್ಕಳಲ್ಲಿ.

ಐಸಿಯು_ಸಿಸ್ಟರ್_ಕೋಲಾರ:
ಸಾರ್, ತಾವೇ ಉತ್ತರಿಸಬಲ್ಲ ಮಕ್ಕಳು ಅಂತ ನೀವೇ ಹೇಳಿದ್ರಿ. ನಾವು ಮಾತಾಡ್ತಿರೋದು ಉತ್ತರಿಸೋಕಾಗದ ಮಕ್ಕಳ ಬಗ್ಗೆ. ಅದನ್ನ ಇವರ ಮೇಲೆ ಹಾಗೇ ಹೊರಿಸೋಕಾಗಲ್ಲ.

ಮಕ್ಕಳ_ಡಾಕ್ಟ್ರು_ಚಿಂತಾಮಣಿ:
ಒಪ್ಪಿದೆ. ಹೊರಿಸಬಾರದು. ನಾವು ಡಾಕ್ಟ್ರುಗಳೇ ಹೊರಗಿಂದ ನೋಡಿ ಕಮ್ಮಿ ಅಂಕ ಕೊಡೋದೂ ಅಷ್ಟೇ ತಪ್ಪು. ಅಂಥ ಮಕ್ಕಳಿಗೇ ಅಂತ ಸಿಪಿ-ಚೈಲ್ಡ್ ಪ್ರಶ್ನಾವಳಿ ಇದೆ, ನೋಡಿಕೊಳ್ಳೋರು ತುಂಬೋದು. ಸ್ನಾನ-ಬಟ್ಟೆ, ಕೂರಿಸೋದು-ಎತ್ತೋದು, ಆರಾಮ ಮತ್ತು ಮನಸ್ಸು, ಸಂವಹನ, ಆರೋಗ್ಯ ಹೀಗೆ ಕೇಳಿ 0ರಿಂದ 100 ಅಂಕ. ಪೆಡ್ಸ್‌ಕ್ಯೂಎಲ್ ಅನ್ನೋ ಸಾಮಾನ್ಯ ಪ್ರಶ್ನಾವಳಿ ಇಲ್ಲಿ ಸರಿಹೋಗಲ್ಲ, ಅದರಲ್ಲಿ ಓಡೋದು ಕಷ್ಟವಾ, ಆಟ ಆಡೋದು ಕಷ್ಟವಾ ಅಂತೆಲ್ಲ ಇದೆ. ನಡೆಯದ ಮಗುವಿಗೆ ಆ ಪ್ರಶ್ನೆಗಳಲ್ಲಿ ಯಾವಾಗ ಕೇಳಿದ್ರೂ ಸೊನ್ನೆಯ ಹತ್ತಿರವೇ ಬರುತ್ತೆ.

ಮನೆ ಭೇಟಿಗೆ ಅಷ್ಟೂ ಬೇಡ. ಒಂದು ಕ್ಯಾಲೆಂಡರಲ್ಲಿ ತಾಯಿಯೋ ಅಜ್ಜಿಯೋ ದಿನಾ ರಾತ್ರಿ ಐದು ಗುರುತು ಹಾಕಲಿ: ನಿದ್ದೆ ಬಂತಾ, ನೋವಿಲ್ಲದೆ ಕಳೀತಾ, ಕೆಮ್ಮಿಲ್ಲದೆ ಊಟ ಆಯ್ತಾ, ಹಾಸಿಗೆ ಬಿಟ್ಟು ಒಂದು ಗಂಟೆ ಹೊರಗಿತ್ತಾ, ಯಾವುದಕ್ಕಾದ್ರೂ ನಕ್ಕಿತಾ ಅಥವಾ ತಿರುಗಿ ನೋಡಿತಾ. ತಿಂಗಳ ಕೊನೆಗೆ ಯಾವ ಸಾಲು ಖಾಲಿ ಇದೆಯೋ ಕೆಲಸ ಅಲ್ಲಿದೆ.

ಫಿಸಿಯೋ_ತುಮಕೂರು:
ನೋವು ಅಳೆಯೋಕೆ ಆರ್-ಫ್ಲ್ಯಾಕ್ ಅನ್ನೋ ಪಟ್ಟಿ ಬಳಸಿ. ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನ ಆಗುತ್ತಾ, ಒಂದೊಂದಕ್ಕೆ 0ರಿಂದ 2. ಈ ಪರಿಷ್ಕೃತ ಪಟ್ಟಿಯಲ್ಲಿ ಆ ಮಗುವಿನದ್ದೇ ಗುರುತನ್ನ ಮನೆಯವರು ಸೇರಿಸಬಹುದು, ಉದಾಹರಣೆಗೆ ನೋವಾದಾಗ ಪೂರ್ತಿ ಸುಮ್ಮನಾಗೋದು, ನಗೋ ಥರ ಮುಖ ಮಾಡೋದು. 4 ದಾಟಿದ್ರೆ ಕಾರಣ ಹುಡುಕಿ. ಬಾಯಿ-ಹಲ್ಲು, ಕಿವಿ, ಹೊಟ್ಟೆ, ಡಯಾಪರ್ ಒಳಗೆ, ಸೊಂಟ, ತೊಡೆ, ಈ ಕ್ರಮದಲ್ಲಿ. ಫಿಟ್ಸಿಗೆ ಟೋಪಿರಮೇಟ್ ತಗೊಳ್ತಿದ್ರೆ ಕಿಡ್ನಿ ಕಲ್ಲೂ ನೆನಪಿರಲಿ. ಮಲಬದ್ಧತೆ ಬಹಳ ಸಲ ಕಾರಣ. ಜೊಲ್ಲಿಗೆ ಕೊಡೋ ಗ್ಲೈಕೊಪಿರೊಲೇಟ್, ಬಿಗಿತಕ್ಕೆ ಕೊಡೋ ಟ್ರೈಹೆಕ್ಸಿಫೆನಿಡಿಲ್ ಎರಡೂ ಮಲ ಗಟ್ಟಿ ಮಾಡುತ್ತೆ, ಕಫವನ್ನೂ ಅಂಟಂಟು ಮಾಡುತ್ತೆ.

ಬಿಐಇಆರ್‌ಟಿ_ಶಿರಾ:
ಶಿಕ್ಷಣದ ಕಡೆಯಿಂದ. "ಮಗು ಮೊದಲಿನ ಹಾಗೆ ಸ್ಪಂದಿಸ್ತಿಲ್ಲ" ಅಂದ್ರೆ ಬುದ್ಧಿಗೆ ಹೊಡೆತ ಅಂತ ತೀರ್ಮಾನಿಸೋ ಮುಂಚೆ ಕಿವಿ ಪರೀಕ್ಷೆ ಮಾಡಿಸಿ. ಅಮಿಕಾಸಿನ್, ಜೆಂಟಾಮೈಸಿನ್ ಥರದ ಆಂಟಿಬಯೋಟಿಕ್ ಕಿವಿಗೆ ಪೆಟ್ಟು ಕೊಡಬಹುದು. ಮೆದುಳುಪೊರೆಯ ಉರಿಯೂತ ಆಗಿದ್ರೆ ನಾಲ್ಕು ವಾರದೊಳಗೆ ಪರೀಕ್ಷೆ ಆಗಬೇಕು, ಒಳಕಿವಿಯಲ್ಲಿ ಮೂಳೆ ಕಟ್ಟಿಬಿಟ್ರೆ ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸೋಕೆ ಒಳಕಿವಿಗೆ ಹಾಕೋ ಸಾಧನ) ಕೂರಿಸೋದು ಕಷ್ಟ. ಸ್ಪಂದಿಸದ ಮಗುವಿಗೆ ಒಳಕಿವಿ ನೋಡೋ ಒಎಇ ಮತ್ತು ಶ್ರವಣ ನರ ನೋಡೋ ಬೆರಾ ಪರೀಕ್ಷೆ ಸಾಕು, ಮಗು ಉತ್ತರ ಹೇಳಬೇಕಿಲ್ಲ. ಜಿಲ್ಲಾಸ್ಪತ್ರೆಯ ಡಿಇಐಸಿಯಲ್ಲಿ (ಮಕ್ಕಳ ತೊಂದರೆ ಬೇಗ ಗುರುತಿಸೋ ಕೇಂದ್ರ) ವಿಚಾರಿಸಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೂ ಬರೆಸಿಕೊಂಡು ಹೋಗಬಹುದು.

ಕಣ್ಣು ಚೆನ್ನಾಗಿದ್ದೂ ಮೆದುಳು ನೋಟವನ್ನ ಗ್ರಹಿಸದ ಮಕ್ಕಳಿಗೆ ಕಪ್ಪು ಬಟ್ಟೆಯ ಮುಂದೆ ಕೆಂಪು ಅಥವಾ ಹಳದಿ ವಸ್ತು ಒಂದೇ ಒಂದು ಇಟ್ಟು ತೋರಿಸಿ. ಮಾತಿಗೆ ಮೊದಲು ಆಯ್ಕೆ: ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಚೆಂಡು, "ಯಾವುದು ಬೇಕು?" ಅಂತ ಕೇಳಿ 15 ಸೆಕೆಂಡ್ ಬಾಯಿ ಮುಚ್ಕೊಂಡಿರಿ. ನಾವು ಮೂರು ಸೆಕೆಂಡಿಗೇ ಮತ್ತೆ ಕೇಳ್ತೀವಿ, ಮಗುವಿನ ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಶುರುವಾಗುತ್ತೆ. ಶಾಲೆಗೆ ಬರಲಾಗದಿದ್ರೆ ಗೃಹಾಧಾರಿತ ಶಿಕ್ಷಣ ಇದೆ, ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ ಬಿಆರ್‌ಸಿಗೆ ಹೇಳಿ. ಶುರುವಿಗೆ 20 ನಿಮಿಷಕ್ಕಿಂತ ಹೆಚ್ಚು ಬೇಡ.

ಮಧುಗಿರಿ_ವಿಆರ್‌ಡಬ್ಲ್ಯು:
ಕಾಗದಪತ್ರದ್ದು ನಾನೇ ಸೇರಿಸ್ತೀನಿ. ಹೊಸ ವೈಕಲ್ಯ ಸೇರಿದ್ರೆ ಯುಡಿಐಡಿ (ಅಂಗವೈಕಲ್ಯ ಗುರುತಿನ) ಕಾರ್ಡಿನ ಶೇಕಡವಾರು ಮರುಪರೀಕ್ಷೆ ಮಾಡಿಸಿ, ಪಿಂಚಣಿ, ಸಲಕರಣೆ ಎಲ್ಲ ಅದರ ಮೇಲೇ ನಿಂತಿದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆದ್ರೆ ಮನೆಯ ಥೆರಪಿ ಖರ್ಚು ಅದರಲ್ಲಿ ಬರಲ್ಲ. ಸಿಪಿ, ಆಟಿಸಂ, ಬೌದ್ಧಿಕ ಮತ್ತು ಬಹುವಿಧ ಅಂಗವೈಕಲ್ಯಕ್ಕೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ 1 ಲಕ್ಷದವರೆಗೆ, ಅದರಲ್ಲಿ ಹೊರರೋಗಿ ಖರ್ಚು, ಥೆರಪಿ ಬರುತ್ತೆ. ಮೊದಲು ನಾವು ಕಟ್ಟಿ ಆಮೇಲೆ ಪಡೆಯೋದು, ಹಾಗಾಗಿ ಮೂಲ ಬಿಲ್ ಎಸೀಬೇಡಿ. ಸಲಕರಣೆ ಕೊಡೋ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಕುರ್ಚಿ, ಸ್ಪ್ಲಿಂಟ್ ಸಿಗುತ್ತೆ.

ನೋಡಿಕೊಳ್ಳೋರ ನಿದ್ದೆ ಬಗ್ಗೆಯೂ ಯಾರಾದ್ರೂ ಹೇಳಿ.

ಪಾವಗಡದಮ್ಮ:
ರಾತ್ರಿ ಪಾಳಿ ಮಾಡ್ಕೊಳ್ಳಿ, ಒಬ್ಬರಿಗೆ ಒಂದೇ ಪಟ್ಟಿಗೆ ಐದು ಗಂಟೆ ನಿದ್ದೆ ಸಿಗಲೇಬೇಕು. ರಾತ್ರಿ ಫೀಡು, ರಾತ್ರಿ ಔಷಧಿ ಹಿಂದೆಮುಂದೆ ಮಾಡಬಹುದಾ ಅಂತ ಡಾಕ್ಟ್ರನ್ನ ಕೇಳಿ, ಎಷ್ಟೋ ಸಲ ಮಾಡಿಕೊಡ್ತಾರೆ. ಅಪ್ಪ, ಚಿಕ್ಕಪ್ಪ, ಅಜ್ಜಿ ಇನ್ನೊಬ್ಬರಾದ್ರೂ ಟ್ಯೂಬ್ ಫೀಡ್ ಕಲೀಬೇಕು, ತಾಯಿಗೆ ಜ್ವರ ಬಂದ ದಿನ ಕಲಿಯೋಕಾಗಲ್ಲ. 15 ಕೆಜಿ ದಾಟಿದ ಮಗುವನ್ನ ಇಬ್ಬರು ದುಪ್ಪಟಿಯಲ್ಲಿ ಎತ್ತಿ. ಮನಸ್ಸು ತೀರಾ ಕುಸಿದ್ರೆ 14416 ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ. ಮಗು ಬದುಕಿ ಬಂತಲ್ಲ, ಇನ್ನೇನು ಅಳು ಅನ್ನೋ ನೆಂಟರನ್ನ ಬಾಗಿಲಲ್ಲೇ ಮಾತಾಡಿಸಿ ಕಳಿಸಿ.

ಕೇಳುಗ_ಗುಬ್ಬಿ:
ಅರ್ಥ ಆಯ್ತಮ್ಮ. 108ಕ್ಕೆ ಯಾವಾಗ ಫೋನ್ ಮಾಡ್ಬೇಕು ಅಂತ ಗೋಡೆಗೆ ಅಂಟಿಸೋ ಹಾಗೆ ಯಾರಾದ್ರೂ ಬರೀರಿ.

ಮಕ್ಕಳ_ಡಾಕ್ಟ್ರು_ಚಿಂತಾಮಣಿ:
ಫಿಟ್ಸ್ 5 ನಿಮಿಷ ದಾಟಿದ್ರೆ, ಅಥವಾ ಒಂದು ನಿಂತು ಎಚ್ಚರ ಆಗದೆ ಇನ್ನೊಂದು ಬಂದ್ರೆ. ತುಟಿ ನೀಲಿ, ಪಕ್ಕೆ ಒಳಗೆ ಎಳೀತಿದ್ರೆ, ಚೀಟಿಯಲ್ಲಿ ಬರೆದ ಆಕ್ಸಿಜನ್ ಅಂಕಿಗಿಂತ ಕೆಳಗೆ ಹೋಗಿ ಮೇಲೆ ಬರದಿದ್ರೆ. ಟ್ಯೂಬ್ ಫೀಡಿನ ಮಧ್ಯೆ ಕೆಮ್ಮು ಬಂದು ಬಣ್ಣ ಬದಲಾದ್ರೆ, ಫೀಡ್ ನಿಲ್ಲಿಸಿ ಆಮೇಲೆ ಫೋನ್. ಎಬ್ಬಿಸಿದ್ರೂ ಏಳದಿದ್ರೆ, ಕೈಕಾಲು ತಣ್ಣಗೆ ಚುಕ್ಕೆ ಚುಕ್ಕೆ ಬಿದ್ರೆ. ಫಿಟ್ಸ್ ನಿಲ್ಲಿಸೋ ಮೂಗಿನ ಮಿಡಾಜೊಲಾಮ್ ಸ್ಪ್ರೇ ಮನೆಯಲ್ಲಿದ್ರೆ ಎಷ್ಟು ಪಫ್ ಅಂತ ಬಾಟಲಿ ಮೇಲೇ ಬರೆಸಿ ಅಂಟಿಸಿ. ಒಂದು ಪಫ್ಫಿಗೆ 0.5 ಮಿಲಿಗ್ರಾಂ ಇರೋದೂ ಸಿಗುತ್ತೆ, 1.25 ಇರೋದೂ ಸಿಗುತ್ತೆ. ಮೆಡಿಕಲ್ ಸ್ಟೋರಲ್ಲಿ ಬೇರೆಯದು ಕೊಟ್ರೆ ಪಫ್ ಲೆಕ್ಕ ಪೂರ್ತಿ ಬದಲಾಗುತ್ತೆ. ಮಗುವಿನ ತೂಕ ಏರಿದಾಗಲೂ ಮತ್ತೆ ಬರೆಸಿ.

ಐಸಿಯು_ಸಿಸ್ಟರ್_ಕೋಲಾರ:
ಕುತ್ತಿಗೆಯಲ್ಲಿ ಟ್ರೇಕಿಯಾಸ್ಟಮಿ (ಉಸಿರಾಟಕ್ಕೆ ಶ್ವಾಸನಾಳಕ್ಕೆ ತೂತು ಮಾಡಿ ಹಾಕಿದ ಟ್ಯೂಬು) ಇರೋ ಮಗುವಾದ್ರೆ: ಅದೇ ಸೈಜಿನ ಒಂದು ಟ್ಯೂಬು, ಅರ್ಧ ಸೈಜು ಚಿಕ್ಕದೊಂದು, ಕತ್ತರಿ, ಹೊಸ ಟೇಪು ಯಾವಾಗಲೂ ಮಗುವಿನ ಪಕ್ಕ. ಟೇಪಿನ ಕೆಳಗೆ ಒಂದು ಬೆರಳು ಹೋಗಬೇಕು, ಎರಡು ಹೋದ್ರೆ ಸಡಿಲ. ಕಫ ಎಳೆಯೋ ಸಕ್ಷನ್ ನಳಿಕೆಯ ಸೈಜು ಟ್ಯೂಬಿನ ಸೈಜಿನ ಎರಡರಷ್ಟು, 4 ಸೈಜ್ ಟ್ಯೂಬಿಗೆ 8 ಫ್ರೆಂಚ್ (ನಳಿಕೆಯ ದಪ್ಪದ ಅಳತೆ). ಎಳೆಯೋ ಒತ್ತಡ 80ರಿಂದ 120 ಎಂಎಂಎಚ್‌ಜಿ, ಒಂದು ಸಲಕ್ಕೆ 10 ಸೆಕೆಂಡ್ ಮೀರಬಾರದು. ಟ್ಯೂಬು ಕಟ್ಟಿ ಉಸಿರು ಹೋಗದಿದ್ರೆ ಆಂಬ್ಯುಲೆನ್ಸಿಗೆ ಕಾಯಬೇಡಿ, ಟ್ಯೂಬು ಬದಲಿಸಿ. ಇದನ್ನ ಆಸ್ಪತ್ರೆಯಲ್ಲೇ ಇಬ್ಬರು ಕೈಯಾರೆ ಮಾಡಿ ಕಲಿತ ಮೇಲೇ ಡಿಸ್ಚಾರ್ಜ್ ಒಪ್ಪಿಕೊಳ್ಳಿ.

ಬಯೋಮೆಡಿಕಲ್_ಕೆಜಿಎಫ್:
ಸಕ್ಷನ್ ಯಂತ್ರ ಕೊಳ್ಳುವಾಗ ಬ್ಯಾಟರಿ ಇರೋದನ್ನೇ ನೋಡಿ. ದುಬಾರಿಯಾದ್ರೆ ಕರೆಂಟಿನದೊಂದು, ಕಾಲಲ್ಲಿ ತುಳಿಯೋದೊಂದು. ತುಳಿಯೋದರ ರಬ್ಬರ್ ವಾಷರ್ ಬಳಸದೆ ಇಟ್ರೆ ಒಣಗಿ ಬಿರುಕು ಬಿಡುತ್ತೆ, ವಾರಕ್ಕೊಮ್ಮೆ ತುಳಿದು ಒಂದು ಲೋಟ ನೀರು ಎಳೆದು ನೋಡಿ. ಜಾರ್ ಮುಕ್ಕಾಲು ತುಂಬೋ ಮುಂಚೆ ಖಾಲಿ ಮಾಡಿ, ನೀರು ಪಂಪಿಗೆ ಹೋದ್ರೆ ರಿಪೇರಿಗೆ ಬೆಂಗಳೂರಿಗೇ ಕಳಿಸಬೇಕಾಗುತ್ತೆ.